ಮಂಜಿನ ನಾಡಿಗೆ ಪುಸ್ತಕಗಳ ಮಹಾಪೂರ

ಡಿಸೆಂಬರ್ 24ರ ಸಂಜೆ ಸರಿಯಾಗಿ ಆರು ಗಂಟೆಗೆ ಐಸ್‌ಲ್ಯಾಂಡಿನ ರೇಡಿಯೊದಲ್ಲಿ ರಾಜಧಾನಿ ರೇಕ್ಯಾವಿಕ್‌ ಕೆಥೆಡ್ರಲ್ಲಿನ ಗಂಟೆಗಳು ಮೊಳಗುತ್ತವೆ. ಆ ಸದ್ದು ಕಿವಿಗೆ ಬಿದ್ದರೆ ಆ ದೇಶಕ್ಕೆ ಕ್ರಿಸ್ಮಸ್ ಬಂತೆಂದೇ ಲೆಕ್ಕ. ಅಷ್ಟು ಹೊತ್ತಿಗೆ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಬೀದಿಗಳು ಬರಿದಾಗಿರುತ್ತವೆ. ಮನೆಮಂದಿಯೆಲ್ಲ ಹಬ್ಬದ ಬಟ್ಟೆ ತೊಟ್ಟು ಊಟಕ್ಕೆ ಕೂರುತ್ತಾರೆ. ಊಟ ಮುಗಿದದ್ದೇ ತಡ, ಕ್ರಿಸ್ಮಸ್ ಮರದ ಬುಡದಲ್ಲಿ ಪೇರಿಸಿಟ್ಟ ಪೊಟ್ಟಣಗಳ ಮೇಲೆ ಮಕ್ಕಳು ಮುಗಿಬೀಳುತ್ತಾರೆ. ಬಣ್ಣದ ಕಾಗದ ಹರಿದರೆ ಒಳಗೆ ಪುಸ್ತಕ! ಅಜ್ಜಿಗೊಂದು, ಅಪ್ಪನಿಗೊಂದು, ಇನ್ನೂ ಅಕ್ಷರ ಕೂಡಿಸಿ ಓದುವ ಮಗುವಿಗೊಂದು. ಆ ರಾತ್ರಿ ಲೆಕ್ಕವಿಲ್ಲದಷ್ಟು ಜನ ಕೈಯಲ್ಲಿ ಚಾಕೊಲೇಟನ್ನೂ ಆಗತಾನೇ ಬಿಚ್ಚಿದ ಪುಸ್ತಕವನ್ನೂ ಹಿಡಿದು ಹಾಸಿಗೆ ಸೇರುತ್ತಾರೆ. ಹೊರಗೆ ಹಿಮ ಸುರಿಯುತ್ತಿದ್ದರೆ ಸುರಿಯಲಿ. ಒಳಗೆ ಪುಟ ತಿರುಗುತ್ತಲೇ ಹೋಗುತ್ತದೆ, ನಡುರಾತ್ರಿ ದಾಟಿದರೂ!

ಇಂಥದ್ದೊಂದು ದೇಶ ಇದೆ ಎಂದು ಮೊದಲ ಸಲ ಓದಿದಾಗ ಮೈ ಜುಮ್ಮೆಂದಿತು. ಎಲ್ಲೋ ಒಂದೆರಡು ಪುಸ್ತಕಪ್ರಿಯರ ಮನೆಯ ಅಭ್ಯಾಸವಿದ್ದೀತು ಅಂದರೆ, ಅಲ್ಲ! ಇಡೀ ನಾಡಿನದು. ಅದಕ್ಕೊಂದು ಹೆಸರೂ ಇದೆ: ಯೋಲಾಬೋಕಾಫ್ಲೋದ್, ಅಂದರೆ ಕ್ರಿಸ್ಮಸ್ ಪುಸ್ತಕಗಳ ಮಹಾಪೂರ. ಬಗೆಯುತ್ತಾ ಹೋದಂತೆ ಈ ಪ್ರವಾಹದ ಮೂಲ ಹಿಂದೆ ಹಿಂದೆ ಸರಿಯುತ್ತದೆ. ಎರಡನೆಯ ಮಹಾಯುದ್ಧಕ್ಕೆ, ಅಲ್ಲಿಂದ ಹುಲ್ಲುಹೆಂಟೆಯ ಮನೆಗಳ ಎಣ್ಣೆದೀಪಕ್ಕೆ, ಅಲ್ಲಿಂದಲೂ ಹಿಂದಕ್ಕೆ, ಕರುವಿನ ಚರ್ಮದ ಮೇಲೆ ಕಥೆ ಬರೆದಿಟ್ಟವರ ಕಾಲಕ್ಕೆ!

ಮೊದಲು ಆ ದೇಶ ಎಷ್ಟು ಪುಟ್ಟದು ನೋಡಿ. ವಿಸ್ತಾರ ಸುಮಾರು 1,03,000 ಚದರ ಕಿಲೋಮೀಟರ್, ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಜನಸಂಖ್ಯೆಯೋ, ನಾಲ್ಕು ಲಕ್ಷವೂ ಇಲ್ಲ! ನಮ್ಮ ಮೈಸೂರು ನಗರದ ಅರ್ಧಕ್ಕಿಂತ ಕಡಿಮೆ ಜನ. ಅವರದೇ ಒಂದು ಭಾಷೆ, ಬೇರೆಲ್ಲೂ ಹೆಚ್ಚು ಮಂದಿ ಆಡದ ಭಾಷೆ. ಡಿಸೆಂಬರ್ 21ರ ಸುಮಾರಿಗೆ ರೇಕ್ಯಾವಿಕ್‌ನಲ್ಲಿ ಸೂರ್ಯ ಹುಟ್ಟುವುದು ಬೆಳಗ್ಗೆ 11.20ರ ಆಸುಪಾಸು, ಮುಳುಗುವುದು ಮಧ್ಯಾಹ್ನ 3.30ಕ್ಕೆ. ನಾವು ಸಂಜೆಯ ಕಾಫಿಗೆ ನೀರಿಡುವ ಮೊದಲೇ ಅಲ್ಲಿ ಕತ್ತಲು! ದಿನದ ಇಪ್ಪತ್ತು ಗಂಟೆ ಸೂರ್ಯನಿಲ್ಲದ ಚಳಿಗಾಲವನ್ನು ಒಂದು ಜನಾಂಗ ಹೇಗೆ ಕಳೆಯಬೇಕು? ಅವರು ಕಂಡುಕೊಂಡ ಉತ್ತರ ಓದು.

ಯುದ್ಧಕಾಲದ ಉಡುಗೊರೆ

1940ರ ಮೇ 10ರಂದು ಬ್ರಿಟಿಷ್ ಸೈನಿಕರು ಐಸ್‌ಲ್ಯಾಂಡಿನಲ್ಲಿ ಬಂದಿಳಿದರು. ಮರುವರ್ಷ ಅಮೆರಿಕದವರು ಬಂದರು. ಸೈನ್ಯದ ನೆಲೆಗಳಲ್ಲಿ ಕೂಲಿ ಸಿಕ್ಕಿತು, ಮೀನಿಗೆ ಬೇಡಿಕೆ ಏರಿತು, ಬಡತನದಲ್ಲಿ ಬೆಂದಿದ್ದ ಜನರ ಕೈಯಲ್ಲಿ ನಾಲ್ಕು ಕಾಸು ಆಡತೊಡಗಿತು. ಆದರೆ ಕೊಳ್ಳಲು ಏನಿತ್ತು? ಆಮದಿನ ಮೇಲೆ ಬಿಗಿ ನಿರ್ಬಂಧ. ವಿದೇಶಿ ಆಟಿಕೆ, ಅಲಂಕಾರದ ವಸ್ತು ಯಾವುದೂ ಸಲೀಸಾಗಿ ಸಿಗದು. ಕಾಗದದ ಮೇಲೆ ಮಾತ್ರ ಕಟ್ಟುನಿಟ್ಟು ಅಷ್ಟಿರಲಿಲ್ಲ. ಅಚ್ಚಿನ ಮನೆಗಳು ಊರಲ್ಲೇ ಇದ್ದವು, ಬರೆಯುವವರಿಗಂತೂ ಆ ನಾಡಿನಲ್ಲಿ ಯಾವ ಕಾಲಕ್ಕೂ ಬರ ಬಂದದ್ದಿಲ್ಲ. ಹೀಗೆ ಹಬ್ಬಕ್ಕೆ ಕೊಡಬಹುದಾದ ಒಳ್ಳೆಯ ಉಡುಗೊರೆ ಅಂದರೆ ಪುಸ್ತಕ ಎಂಬಂತಾಯಿತು.

ಇಸವಿಯನ್ನು ಗಮನಿಸಿ! 1944ರ ಜೂನ್ 17ರಂದು, ಸುರಿಯುವ ಮಳೆಯಲ್ಲಿ, ಥಿಂಗ್‌ವೆಲ್ಲಿರ್ ಬಯಲಿನಲ್ಲಿ ಸೇರಿದ ಜನರ ಎದುರು ಐಸ್‌ಲ್ಯಾಂಡ್ ಗಣರಾಜ್ಯವಾಯಿತು. ಡೆನ್ಮಾರ್ಕಿನ ದೊರೆಯೊಂದಿಗಿದ್ದ ಶತಮಾನಗಳ ನಂಟು ಕಳಚಿತು. ಅದೇ ವರ್ಷ ಅಲ್ಲಿನ ಪುಸ್ತಕೋದ್ಯಮದವರು ಹೊಸ ಪುಸ್ತಕಗಳ ಪಟ್ಟಿಯೊಂದನ್ನು ಅಚ್ಚು ಹಾಕಿಸಿದರು. ಹೆಸರು ಬೋಕಾತಿದಿಂದಿ. ದೇಶ ಸ್ವತಂತ್ರವಾದ ವರ್ಷವೇ ಪುಸ್ತಕಗಳ ಪಟ್ಟಿಯೂ ಹುಟ್ಟಿತು! ಯುದ್ಧ ಮುಗಿಯಿತು, ನಿರ್ಬಂಧಗಳು ಹೋದವು, ಅಂಗಡಿಗಳಲ್ಲಿ ಜಗತ್ತಿನ ಸರಕೆಲ್ಲ ಬಂದು ಬಿತ್ತು. ಪುಸ್ತಕ ಕೊಡುವ ರೂಢಿ ಮಾತ್ರ ಕದಲಲಿಲ್ಲ. ಕೊರತೆಯ ಕಾಲದಲ್ಲಿ ಬೇರೂರಿದ್ದು ಸಮೃದ್ಧಿಯ ಕಾಲದಲ್ಲಿ ಇನ್ನೂ ಹಬ್ಬಿತು.

ಪಟ್ಟಿ ಬಂದರೆ ಹಬ್ಬ ಬಂತು

ಈ ಬೋಕಾತಿದಿಂದಿಯನ್ನು ದಶಕಗಳ ಕಾಲ ಮನೆಮನೆಗೂ ಉಚಿತವಾಗಿ ಹಂಚಿದ್ದಾರೆ. ಈಗ ಅಂತರ್ಜಾಲದಲ್ಲೂ ತೆರೆದು ನೋಡಬಹುದು. ನೋಡಿದೆ. ಭಾಷೆ ಒಂದಕ್ಷರವೂ ಬಾರದಿದ್ದರೂ ಕಣ್ಣು ಕೀಳಲಾಗಲಿಲ್ಲ! ಸಾಲುಸಾಲಾಗಿ ಪುಟಾಣಿ ಮುಖಪುಟಗಳು. ಪ್ರತಿಯೊಂದರ ಪಕ್ಕದಲ್ಲಿ ಬರೆದವರ ಹೆಸರು, ನಾಲ್ಕೈದು ಸಾಲಿನ ಪರಿಚಯ, ಪುಟಸಂಖ್ಯೆ, ಪ್ರಕಾಶಕರು. ಮಕ್ಕಳ ಚಿತ್ರಪುಸ್ತಕಗಳಿಗೆ ಒಂದು ವಿಭಾಗ, ಕಾದಂಬರಿಗೆ ಒಂದು, ಕವಿತೆಗೆ ಒಂದು, ಜೀವನಚರಿತ್ರೆಗೆ ಒಂದು, ಅಡುಗೆಗೆ, ಹೆಣಿಗೆಗೆ, ಇತಿಹಾಸಕ್ಕೆ. ಪುಟ ಸರಿಸಿದಷ್ಟೂ ಮುಗಿಯದು. ನಾಲ್ಕು ಲಕ್ಷ ದಾಟದ ಜನರಿಗಾಗಿ ಒಂದೇ ಹಂಗಾಮಿನಲ್ಲಿ ಇಷ್ಟೊಂದು ಪುಸ್ತಕ! ಮನೆಯಲ್ಲಿ ಒಬ್ಬೊಬ್ಬರೂ ಇದನ್ನು ಹಿಡಿದು ಕೂತು, ತಮಗೆ ಬೇಕಾದ್ದಕ್ಕೆ ಪೆನ್ನಿನಲ್ಲಿ ಗುರುತು ಹಾಕಿ, ಬೇರೆಯವರ ಕಣ್ಣಿಗೆ ಬೀಳುವ ಹಾಗೆ ಮೇಜಿನ ಮೇಲೆ ಬಿಡುತ್ತಾರಂತೆ.

ಪಟ್ಟಿ ಬಂದಲ್ಲಿಂದ ಕ್ರಿಸ್ಮಸ್ ತನಕ ಊರೆಲ್ಲ ಪುಸ್ತಕದ್ದೇ ಮಾತು. ವರ್ಷದ ಹೊಸ ಪುಸ್ತಕಗಳಲ್ಲಿ ಹೆಚ್ಚಿನವು ಬಿಡುಗಡೆಯಾಗುವುದೇ ಕ್ರಿಸ್ಮಸ್ಸಿಗೆ ಮುಂಚಿನ ಈ ತಿಂಗಳುಗಳಲ್ಲಿ. ಲೇಖಕರು ಕಾಫಿ ಅಂಗಡಿಗಳಿಗೆ, ಗ್ರಂಥಾಲಯಗಳಿಗೆ, ಶಾಲೆಗಳಿಗೆ, ಕಚೇರಿಗಳಿಗೂ ಹೋಗಿ ತಮ್ಮ ಹೊಸ ಪುಸ್ತಕದ ಪುಟಗಳನ್ನು ಓದಿ ಕೇಳಿಸುತ್ತಾರೆ. ಟಿವಿಯಲ್ಲಿ ಪುಸ್ತಕಗಳ ಚರ್ಚೆ. ರಾಷ್ಟ್ರೀಯ ಸಾಹಿತ್ಯ ಪ್ರಶಸ್ತಿಗೆ ನಾಮನಿರ್ದೇಶನಗೊಂಡವರ ಪಟ್ಟಿ ಹೊರಬೀಳುವುದೂ ಹಬ್ಬದ ಖರೀದಿಯ ಕಾವು ಏರುವ ಹೊತ್ತಿಗೇ. ಕ್ರಿಸ್ಮಸ್ ಕಳೆದ ಮೇಲೆ ಇನ್ನೊಂದು ಸುತ್ತು ಸಡಗರ: ಒಂದೇ ಪುಸ್ತಕ ಇಬ್ಬರಿಂದ ಬಂದಿದ್ದರೆ ಅಂಗಡಿಗೆ ಹೋಗಿ ಬದಲಿಸಿಕೊಂಡು ಬೇರೆಯದನ್ನು ತರಬಹುದು!

ಎಣ್ಣೆದೀಪದ ಓದು

ಯುದ್ಧಕಾಲದ ಕಾಗದ ಒಂದು ನೆಪ. ಬೀಜ ಅದಕ್ಕೂ ಬಹಳ ಮೊದಲೇ ಬಿದ್ದಿತ್ತು. ಅದನ್ನು ಕಾಣಬೇಕಾದರೆ ಇನ್ನೂರು ವರ್ಷದ ಹಿಂದಿನ ಒಂದು ಐಸ್‌ಲ್ಯಾಂಡ್ ಹೊಲಮನೆಯೊಳಗೆ ಬಗ್ಗಿ ಹೋಗಬೇಕು.

ಮರ ಅಪರೂಪವಾದ ನಾಡು. ಆದ್ದರಿಂದ ಬೇರುಸಮೇತ ಕಿತ್ತ ಹುಲ್ಲುಹೆಂಟೆಗಳನ್ನು ಒಂದರ ಮೇಲೊಂದು ಪೇರಿಸಿ ದಪ್ಪ ಗೋಡೆ, ಮೇಲೆ ಅದೇ ಹುಲ್ಲಿನ ಚಾವಣಿ. ಒಳಗೆ ಬಾದ್‌ಸ್ತೋವಾ ಎಂಬ ಉದ್ದನೆಯ ಕೋಣೆ. ಮಲಗುವುದು, ಉಣ್ಣುವುದು, ದುಡಿಯುವುದು ಎಲ್ಲ ಅಲ್ಲೇ. ಎರಡೂ ಬದಿಗೆ ಹಾಸಿಗೆಗಳ ಸಾಲು, ಅವೇ ಹಗಲಿಗೆ ಆಸನ. ಚಳಿಗಾಲದ ಸಂಜೆ ದೀಪ ಹಚ್ಚುತ್ತಾರೆ. ದೀಪಕ್ಕೆ ಮೀನಿನ ಈಲಿಯ ಎಣ್ಣೆ, ಬತ್ತಿಗೆ ಜೌಗುನೆಲದಲ್ಲಿ ಬೆಳೆಯುವ ಹತ್ತಿಹುಲ್ಲಿನ ಎಳೆ. ಒಬ್ಬಳು ಉಣ್ಣೆ ಹಿಂಜುತ್ತಾಳೆ, ಇನ್ನೊಬ್ಬಳು ನೂಲುತ್ತಾಳೆ, ಗಂಡಸರು ಹಗ್ಗ ಹೊಸೆಯುತ್ತಾರೆ, ಮಕ್ಕಳ ಕೈಯಲ್ಲೂ ಹೆಣಿಗೆಯ ಕಡ್ಡಿ. ದೀಪದ ಹತ್ತಿರದ ಜಾಗ ಒಬ್ಬರಿಗೆ ಮೀಸಲು. ಓದುವವರಿಗೆ! ಅವರು ಗಟ್ಟಿಯಾಗಿ ಓದುತ್ತಾ ಹೋಗುತ್ತಾರೆ, ಹಳೆಯ ವೀರರ ಸಾಗಾ ಕಥೆಗಳನ್ನು, ಧರ್ಮಗ್ರಂಥಗಳನ್ನು. ಕೇಳುತ್ತಾ ಕೇಳುತ್ತಾ ಕೈಗಳು ದುಡಿಯುತ್ತಿರುತ್ತವೆ. ಈ ಸಂಜೆಯ ಜಾಗರಣೆಗೆ ಕ್ವೋಲ್ಡ್‌ವಾಕಾ ಎಂದು ಹೆಸರು.

ಕೆಲವು ಸಂಜೆ ಓದಿನ ಬದಲು ಹಾಡಿಕೆ. ರೀಮುರ್ ಎಂಬ ದೀರ್ಘ ಕಥನಕಾವ್ಯಗಳನ್ನು ರಾಗವಾಗಿ ಹೇಳುವವರಿದ್ದರು. ಚೆನ್ನಾಗಿ ಹೇಳುವವನು ಮನೆಯಿಂದ ಮನೆಗೆ ಹೋದರೆ ಅವನಿಗೆ ಊಟ, ಆತಿಥ್ಯ. ಇದನ್ನು ಓದುವಾಗ ನಮ್ಮ ಗಮಕಿಗಳು ಕಣ್ಣಮುಂದೆ ಬಾರದೆ ಇರುತ್ತಾರೆಯೇ? ಕುಮಾರವ್ಯಾಸನ ಷಟ್ಪದಿಯನ್ನು ರಾಗವಾಗಿ ಓದಿ, ಅಕ್ಷರ ಬಾರದವರ ಮನೆಗೂ ಭಾರತವನ್ನು ಮುಟ್ಟಿಸಿದವರು ಅವರು. ಭೂಮಿಯ ಆ ತುದಿಯಲ್ಲೂ ಅದೇ ಕೆಲಸ ನಡೆದಿತ್ತಲ್ಲ!

ಇನ್ನೂ ಬೆರಗಾಗುವ ಸಂಗತಿ ಕೇಳಿ. ಐಸ್‌ಲ್ಯಾಂಡಿನಲ್ಲಿ ಕಡ್ಡಾಯ ಶಿಕ್ಷಣದ ಕಾಯ್ದೆ ಬಂದದ್ದು 1907ರಲ್ಲಿ. ಆದರೆ 18ನೇ ಶತಮಾನದ ಕೊನೆಯ ಹೊತ್ತಿಗಾಗಲೇ ಅಲ್ಲಿನ ಬಹುಪಾಲು ಜನರಿಗೆ ಓದಲು ಬರುತ್ತಿತ್ತು! ಶಾಲೆಯ ಕಟ್ಟಡವಿಲ್ಲ, ಗಂಟೆಯಿಲ್ಲ. ಮಕ್ಕಳಿಗೆ ಓದು ಕಲಿಸುವುದು ಮನೆಯವರ ಹೊಣೆ, ಕಲಿತರೋ ಇಲ್ಲವೋ ಎಂದು ನೋಡುವುದು ಪಾದ್ರಿಯ ಹೊಣೆ. ಆ ಬಾದ್‌ಸ್ತೋವಾವೇ ಶಾಲೆಯಾಗಿತ್ತು.

ಕ್ರಿಸ್ಮಸ್ ಬೆಕ್ಕಿನ ಕಥೆಯೂ ಇಂಥ ಸಂಜೆಗಳಿಗೇ ತಗುಲಿಕೊಂಡಿದೆ. ಹಬ್ಬಕ್ಕೆ ಹೊಸ ಬಟ್ಟೆ ಇಲ್ಲದವರನ್ನು ದೈತ್ಯಾಕಾರದ ಬೆಕ್ಕು ಬಂದು ತಿಂದುಹಾಕುತ್ತದೆ ಎಂಬ ನಂಬಿಕೆ. ಉಣ್ಣೆಯ ಕೆಲಸ ಹಬ್ಬದೊಳಗೆ ಮುಗಿಯಬೇಕು, ಮುಗಿಸಿದವರಿಗೆ ಹೊಸ ಉಡುಪು. ಹಿಂದೆ ಮಕ್ಕಳಿಗೆ ಸಿಗುತ್ತಿದ್ದ ಇನ್ನೊಂದು ಉಡುಗೊರೆ ಒಂದು ಮೇಣದಬತ್ತಿ. ತನ್ನದೇ ಆದ ಒಂದು ಬೆಳಕು! ವರ್ಷವಿಡೀ ಮಂಕು ಎಣ್ಣೆದೀಪದಲ್ಲಿ ಕಣ್ಣು ಕಿರಿದು ಮಾಡಿಕೊಂಡಿದ್ದ ಮಗುವಿಗೆ ಅದು ಎಂಥ ಸಿರಿ ಎಂದು ಊಹಿಸಿಕೊಳ್ಳಿ.

ನೂರಕ್ಕೂ ಹೆಚ್ಚು ಕರುಗಳ ಒಂದು ಪುಸ್ತಕ

ಹಾಗಾದರೆ ಆ ದೀಪದ ಬುಡದಲ್ಲಿ ಓದುತ್ತಿದ್ದ ಕಥೆಗಳು ಎಲ್ಲಿಂದ ಬಂದವು? 13ನೇ ಶತಮಾನದಲ್ಲಿ, ಯುರೋಪಿನ ಪಂಡಿತರಲ್ಲಿ ಹೆಚ್ಚಿನವರು ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದ ಕಾಲದಲ್ಲಿ, ಐಸ್‌ಲ್ಯಾಂಡಿನವರು ತಮ್ಮ ಆಡುಮಾತಿನಲ್ಲಿ, ಗದ್ಯದಲ್ಲಿ, ತಮ್ಮ ಹಿರಿಯರ ಜಗಳ, ಪ್ರೀತಿ, ಸೇಡುಗಳ ಕಥೆ ಬರೆದರು. ಬರೆದದ್ದು ಕರುವಿನ ಚರ್ಮದ ಮೇಲೆ. ಕೂದಲು ತೆಗೆದು, ಹಿಗ್ಗಿಸಿ ಒಣಗಿಸಿ, ಕೆರೆದು ನುಣುಪು ಮಾಡಿದ ಚರ್ಮ. 1387ರಲ್ಲಿ ಬರೆಯತೊಡಗಿದ ಫ್ಲಾತೇಯಾರ್‌ಬೋಕ್ ಎಂಬ ಹಸ್ತಪ್ರತಿಯೊಂದರಲ್ಲೇ 225 ಹಾಳೆಗಳಿವೆ. ಒಂದು ಕರುವಿನ ಚರ್ಮದಿಂದ ಎರಡೇ ಹಾಳೆ ಸಿಗುತ್ತಿದ್ದದ್ದು. ಲೆಕ್ಕ ಹಾಕಿ, ನೂರಕ್ಕೂ ಮಿಕ್ಕಿ ಕರುಗಳು! ದನಕರುವೇ ಆಸ್ತಿಯಾಗಿದ್ದ ಚಳಿನಾಡಿನಲ್ಲಿ ಒಂದು ಪುಸ್ತಕಕ್ಕೆ ಇಷ್ಟು ಬೆಲೆ ತೆತ್ತವರು ಅವರು.

ಮುಂದೆ ಬಡತನದ ಶತಮಾನಗಳು ಬಂದವು. ಆರ್ನಿ ಮಾಗ್ನುಸೋನ್ (1663-1730) ಎಂಬ ವಿದ್ವಾಂಸ ಹೊಲಮನೆಗಳನ್ನು ಜಾಲಾಡಿ ಹಳೆಯ ಹಸ್ತಪ್ರತಿಗಳನ್ನು ಕೂಡಿಹಾಕತೊಡಗಿದಾಗ ಕೆಲವು ಹಾಳೆಗಳು ಸಿಕ್ಕಿದ್ದು ಬಟ್ಟೆ ಕತ್ತರಿಸುವ ಅಳತೆಯ ಮಾದರಿಗಳಾಗಿ, ಪಾದರಕ್ಷೆಯ ಒಳಪದರವಾಗಿ! ಅವನು ಒಂದು ತುಣುಕನ್ನೂ ಬಿಡದೆ ಆಯ್ದು ಕೋಪನ್‌ಹೇಗನ್ನಿಗೆ ಸಾಗಿಸಿದ. 1728ರಲ್ಲಿ ಆ ನಗರಕ್ಕೆ ಬೆಂಕಿ ಬಿದ್ದಾಗ ಅವನ ಮನೆಯೂ ಉರಿಯಿತು. ಅಚ್ಚುಪುಸ್ತಕಗಳಲ್ಲಿ ಬಹಳಷ್ಟು ಸುಟ್ಟುಹೋದರೂ ಅಮೂಲ್ಯ ಹಸ್ತಪ್ರತಿಗಳಲ್ಲಿ ಹೆಚ್ಚಿನವು ಉಳಿದವು.

ಕೊನೆಗೆ 1971ರ ಏಪ್ರಿಲ್ 21ರಂದು ಡೆನ್ಮಾರ್ಕಿನ ನೌಕಾಪಡೆಯ ಹಡಗು ಎರಡು ಪುಸ್ತಕಗಳನ್ನು ಹೊತ್ತು ರೇಕ್ಯಾವಿಕ್ ಬಂದರಿಗೆ ಬಂತು: ಫ್ಲಾತೇಯಾರ್‌ಬೋಕ್ ಮತ್ತು ಎಡ್ಡಾ ಎಂಬ ಪುರಾಣಕಾವ್ಯಗಳ ಹಳೆಯ ಹಸ್ತಪ್ರತಿ. ಶಾಲೆಗಳಿಗೆ ರಜೆ, ಅಂಗಡಿಗಳಿಗೆ ಬೀಗ, ಬಂದರಿನಲ್ಲಿ ಸಾವಿರಾರು ಜನ. ತವರಿಗೆ ಮರಳಿದ ಎರಡು ಪುಸ್ತಕಗಳನ್ನು ಬರಮಾಡಿಕೊಳ್ಳಲು ಒಂದು ರಾಜಧಾನಿ ಕೆಲಸ ನಿಲ್ಲಿಸಿ ನಿಂತಿತ್ತು!

ಪ್ರಧಾನಿ ಬರೆದ ಪತ್ತೇದಾರಿ ಕಾದಂಬರಿ

ಇಷ್ಟೆಲ್ಲ ಇತಿಹಾಸವಿರುವ ಕಡೆ ಓದು ಗಂಭೀರವಾಗಿಯೇ ಇರಬೇಕೆಂದುಕೊಂಡರೆ ಅಲ್ಲೊಂದು ಅಚ್ಚರಿ ಕಾದಿದೆ. ಕ್ರಿಸ್ಮಸ್ಸಿಗೆ ಅಲ್ಲಿನ ಜನ ಮುಗಿಬಿದ್ದು ಓದುವುದರಲ್ಲಿ ಕೊಲೆಯ ಕಥೆಗಳಿಗೆ ದೊಡ್ಡ ಪಾಲು! ಆರ್ನಾಲ್ದುರ್ ಇಂದ್ರಿದಾಸೋನ್ ಅವರ ಹೊಸ ಕಾದಂಬರಿ ನವೆಂಬರ್ 1ರಂದು ಬರುವುದು ವರ್ಷಾನುವರ್ಷದ ವಾಡಿಕೆ. ರಾಗ್ನಾರ್ ಯೋನಾಸೋನ್ ಹದಿಹರೆಯದಲ್ಲೇ ಅಗಾಥಾ ಕ್ರಿಸ್ಟಿಯನ್ನು ಅನುವಾದಿಸತೊಡಗಿ 14 ಕಾದಂಬರಿಗಳನ್ನು ತಮ್ಮ ಭಾಷೆಗೆ ತಂದವರು, ಆಮೇಲೆ ತಾವೇ ಹೆಸರಾಂತ ಪತ್ತೇದಾರಿ ಕಾದಂಬರಿಕಾರರಾದರು. 2022ರಲ್ಲಿ ಅವರ ಜೊತೆಗೂಡಿ ‘ರೇಕ್ಯಾವಿಕ್’ ಎಂಬ ಪತ್ತೇದಾರಿ ಕಾದಂಬರಿ ಬರೆದವರು ಯಾರು ಗೊತ್ತೇ? ಆಗ ದೇಶದ ಪ್ರಧಾನಿಯಾಗಿದ್ದ ಕಾತ್ರಿನ್ ಯಾಕೊಬ್ಸ್‌ದೋತ್ತಿರ್! ವಿಶ್ವವಿದ್ಯಾಲಯದಲ್ಲಿ ಅವರು ಪ್ರಬಂಧ ಬರೆದದ್ದೂ ಆರ್ನಾಲ್ದುರ್ ಅವರ ಕಾದಂಬರಿಗಳ ಮೇಲೇ.

ಸರ್ಕಾರವೂ ಕೈಕಟ್ಟಿ ಕೂತಿಲ್ಲ. ಐಸ್‌ಲ್ಯಾಂಡಿಕ್ ಭಾಷೆಯಲ್ಲಿ ಪುಸ್ತಕ ತಂದರೆ ಪ್ರಕಟಣೆಯ ಅರ್ಹ ವೆಚ್ಚದಲ್ಲಿ ಶೇ 25ರಷ್ಟನ್ನು ಪ್ರಕಾಶಕರಿಗೆ ಹಿಂದಿರುಗಿಸುವ ಕಾಯ್ದೆ 2018ರಲ್ಲಿ ಬಂತು. ರೇಕ್ಯಾವಿಕ್‌ಗೆ 2011ರಲ್ಲೇ ಯುನೆಸ್ಕೊದ ‘ಸಾಹಿತ್ಯ ನಗರ’ ಎಂಬ ಮನ್ನಣೆ ಸಿಕ್ಕಿದೆ.

ಹಿಮದಲ್ಲಿ ಕುರಿ ಅರಸಿ ಹೊರಟವನು

ಆದರೆ ನನ್ನ ಮನಸ್ಸನ್ನು ಪೂರ್ತಿಯಾಗಿ ಗೆದ್ದದ್ದು ಒಂದು ತೆಳ್ಳನೆಯ ಪುಸ್ತಕ. ಗುನ್ನಾರ್ ಗುನ್ನಾರ್ಸೋನ್ ಬರೆದ ‘ಅದ್ವೆಂತಾ’. ಪ್ರಕಟವಾದದ್ದು 1936ರಲ್ಲಿ. ಬೆನೆಡಿಕ್ಟ್ ಎಂಬ ಸಾಮಾನ್ಯ ಆಳು. ವಯಸ್ಸು 54. ಶರತ್ಕಾಲದಲ್ಲಿ ಎಲ್ಲರೂ ತಂತಮ್ಮ ಕುರಿಗಳನ್ನು ಬೆಟ್ಟದಿಂದ ಇಳಿಸಿಕೊಂಡ ಮೇಲೂ ಕೆಲವು ಕುರಿಗಳು ಅಲ್ಲೇ ಉಳಿದುಬಿಡುತ್ತವೆ. ಅವು ಅವನವೇನಲ್ಲ, ಯಾರು ಯಾರದೋ. ಆದರೂ ಅವುಗಳನ್ನು ಹುಡುಕಿ ತರಲು ಕ್ರಿಸ್ಮಸ್ಸಿಗೆ ಮುಂಚಿನ ಆ ಕೊರೆಯುವ ದಿನಗಳಲ್ಲಿ ಅವನು ಒಂದು ನಾಯಿ, ಒಂದು ಟಗರನ್ನು ಜೊತೆ ಮಾಡಿಕೊಂಡು ಬೆಟ್ಟ ಹತ್ತುತ್ತಾನೆ. ಹೀಗೆ ಹೊರಡುವುದು ಇದು 27ನೇ ವರ್ಷ! ಕಥೆ ಇಷ್ಟೇ. ಹಿಮಗಾಳಿ ಬೀಸುತ್ತದೆ, ದಾರಿ ಮುಚ್ಚುತ್ತದೆ, ಅವನು ನಡೆಯುತ್ತಾನೆ. ಯಾರೂ ಕೇಳದಿದ್ದರೂ ಮಾಡಬೇಕಾದ ಕೆಲಸ ಮಾಡುವುದೇ ಹಬ್ಬ ಎಂದು ಈ ಪುಸ್ತಕ ಒಂದೇ ಒಂದು ಉಪದೇಶದ ಮಾತಿಲ್ಲದೆ ಮನಸ್ಸಿಗೆ ನಾಟಿಸುತ್ತದೆ.

ಈಗಲೂ ಕ್ರಿಸ್ಮಸ್ಸಿಗೆ ಮುಂಚಿನ ಒಂದು ಭಾನುವಾರ, ಗುನ್ನಾರ್ ಬಾಳಿದ ಸ್ಕ್ರಿದುಕ್ಲೌಸ್ತುರ್ ಮನೆಯಲ್ಲಿ, ರೇಕ್ಯಾವಿಕ್‌ನ ಲೇಖಕರ ಸಂಘದ ಮನೆಯಲ್ಲಿ ಜನ ಕೂಡಿ ಈ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಾರೆ. 1955ರಲ್ಲಿ ನೊಬೆಲ್ ಪಡೆದ ಹಾಲ್ದೋರ್ ಲಾಕ್ಸ್‌ನೆಸ್ ಅವರ ಮನೆ ಈಗ ವಸ್ತುಸಂಗ್ರಹಾಲಯ. ಅಲ್ಲಿಯೂ ಡಿಸೆಂಬರಿನ ಭಾನುವಾರಗಳಂದು ಲೇಖಕರು ಬಂದು ಹೊಸ ಪುಸ್ತಕಗಳನ್ನು ಓದುತ್ತಾರೆ. ಎಣ್ಣೆದೀಪ ಹೋಗಿ ವಿದ್ಯುತ್ತು ಬಂತು, ಹುಲ್ಲಿನ ಮನೆ ಹೋಗಿ ಕಾಂಕ್ರೀಟು ಬಂತು. ಒಬ್ಬರು ಓದುವುದು, ಉಳಿದವರು ಕೇಳುವುದು ನಿಂತಿಲ್ಲ!

ನಮ್ಮ ಡಿಸೆಂಬರಿಗೂ ಒಂದು ಪುಸ್ತಕ

ಲಾಕ್ಸ್‌ನೆಸ್ ಹುಟ್ಟಿದ್ದು 1902ರಲ್ಲಿ, ನಮ್ಮ ಕುವೆಂಪು 1904ರಲ್ಲಿ. ತಮ್ಮ ನೆಲದ ಕುರಿಗಾಹಿ ರೈತನನ್ನು ನಡುವೆ ನಿಲ್ಲಿಸಿ ಲಾಕ್ಸ್‌ನೆಸ್ ಬರೆದ ಮಹಾಕಾದಂಬರಿಯ ಎರಡು ಭಾಗಗಳು ಬಂದದ್ದು 1934-35ರಲ್ಲಿ. ಮಲೆನಾಡಿನ ಬದುಕನ್ನೇ ತುಂಬಿಕೊಂಡ ‘ಕಾನೂರು ಹೆಗ್ಗಡಿತಿ’ ಬಂದದ್ದು 1936ರಲ್ಲಿ. ಕಾದಂಬರಿ ಅವರಿಗೆಷ್ಟು ದೊಡ್ಡದಿತ್ತೋ ನಮಗೂ ಅಷ್ಟೇ ದೊಡ್ಡದಿದೆ. 2011ರ ಜನಗಣತಿಯ ಪ್ರಕಾರ ಕನ್ನಡ ತಾಯ್ನುಡಿಯವರು 4.37 ಕೋಟಿ. ಐಸ್‌ಲ್ಯಾಂಡಿನವರು ನಾಲ್ಕು ಲಕ್ಷ ಮುಟ್ಟಿಲ್ಲ. ಸಣ್ಣ ಭಾಷೆ ಬದುಕುವುದಿಲ್ಲ ಎಂದು ಯಾರಾದರೂ ಕೊರಗಿದರೆ ಐಸ್‌ಲ್ಯಾಂಡಿನತ್ತ ಬೆರಳು ತೋರಿಸಿ. ಭಾಷೆಯ ಆಯುಸ್ಸು ತಲೆಗಳ ಎಣಿಕೆಯಲ್ಲಿಲ್ಲ, ಹಬ್ಬದ ದಿನ ಆ ಭಾಷೆಯ ಹೊಸ ಪುಸ್ತಕ ಎಷ್ಟು ಮನೆಗಳಿಗೆ ಬಂತು ಎಂಬುದರಲ್ಲಿದೆ.

ನಮಗೂ ಅನುಕೂಲ ಉಂಟು. ನವೆಂಬರಿನಲ್ಲಿ ರಾಜ್ಯೋತ್ಸವದ ರಿಯಾಯಿತಿ ಮಾರಾಟ, ಡಿಸೆಂಬರಿನಲ್ಲಿ ಚಳಿ ಮತ್ತು ಕ್ರಿಸ್ಮಸ್ ರಜೆ, 29ಕ್ಕೆ ಕುವೆಂಪು ಜನ್ಮದಿನ. ನಮ್ಮ ಪ್ರಕಾಶಕರೆಲ್ಲ ಕೂಡಿ ವರ್ಷದ ಹೊಸ ಪುಸ್ತಕಗಳ ಒಂದೇ ಪಟ್ಟಿ ತಂದು ಮನೆಮನೆಗೆ ಮುಟ್ಟಿಸಿದರೆ ಎಷ್ಟು ಚೆನ್ನ! ಅದು ಬರುವ ತನಕ ನೀವು ಕಾಯಬೇಕಿಲ್ಲ. ಈ ಸಲ ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಕನ್ನಡ ಪುಸ್ತಕ ಕೊಳ್ಳಿ, ಕಾಗದ ಸುತ್ತಿ ಬಚ್ಚಿಡಿ, ಡಿಸೆಂಬರ್ 24ರ ಸಂಜೆ ಎಲ್ಲರ ಕೈಗಿಡಿ. ಮೊದಲ ಪುಟವನ್ನು ಮಕ್ಕಳಿಗೆ ನೀವೇ ಗಟ್ಟಿಯಾಗಿ ಓದಿ ಹೇಳಿ.